ಸೆರಗಿನಲ್ಲಿ ಕೂತ ಚೌಕಗಳು

ಚಳ್ಳಕೆರೆ ಕೋರ್ಟಿನ ಎದುರು ಸಾಲಿನಲ್ಲಿ ನನ್ನದೊಂದು ಅಂಗಡಿಯಿದೆ. ಅಂಗಡಿ ಎನ್ನುವುದಕ್ಕಿಂತ ಅರ್ಧ ಅಂಗಡಿ ಎಂದರೆ ಸರಿ. ಈ ಅರ್ಧದಲ್ಲಿ ನಾನು ಮತ್ತು ನನ್ನ ಟೈಪ್‌ರೈಟರ್ ಇದ್ದೇವೆ. ಇಬ್ಬರಿಗೂ ವಯಸ್ಸಾಗಿದೆ, ಇಬ್ಬರನ್ನೂ ಕೇಳುವವರು ಕಡಿಮೆ. ನಡುವೆ ಒಂದು ಪ್ಲೈವುಡ್ ಗೋಡೆ. ಆಚೆಯ ಅರ್ಧವನ್ನು ಹೀನಾಳಿಗೆ ಬಿಟ್ಟುಕೊಟ್ಟಿದ್ದೇನೆ. ಗೋಡೆ ಎಷ್ಟು ತೆಳುವೆಂದರೆ ಆ ಕಡೆ ಅವಳು ನಿಟ್ಟುಸಿರು ಬಿಟ್ಟರೆ ಈ ಕಡೆ ನನ್ನ ಕಾಗದ ಅಲ್ಲಾಡುತ್ತದೆ. ಆದ್ದರಿಂದ ಅವಳ ವಿಷಯ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಹೀನಾ ಮೋಟಾರ್ ರಿವೈಂಡಿಂಗ್ ಇಮಾಮ್ ಸಾಬರ ಮಗಳು. ಈ ಊರಿನ ಎಣ್ಣೆ ಮಿಲ್ಲುಗಳ ಸುಟ್ಟ ಮೋಟಾರುಗಳೆಲ್ಲ ಒಂದು ಕಾಲಕ್ಕೆ ಇಮಾಮ್ ಸಾಬರ ಕೈಯಲ್ಲೇ ತಂತಿ ಸುತ್ತಿಸಿಕೊಂಡವು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಹುಡುಗಿ ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಹೋಗುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರೆ, ಅವಳು ಒಂದು ಹಳೆಯ ಕಂಪ್ಯೂಟರ್ ತಂದು ನನ್ನ ಪಕ್ಕ ಕೂತಳು. ಮದುವೆ ಕಾರ್ಡು, ತಿಥಿ ಕಾರ್ಡು, ಬ್ಯಾನರು, ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವನ್ನೂ ಮಾಡುತ್ತಾಳೆ. ಈಗ ಮೂವತ್ತೈದರ ಆಸುಪಾಸು. ಮದುವೆಯ ಮಾತು ಬಂದಾಗಲೆಲ್ಲ ಅವಳ ತಾಯಿ ಕುಲ್ಸುಮ್ ಬೀ ನನ್ನ ಕಡೆ ನೋಡುತ್ತಾರೆ, ನಾನೇ ಅಡ್ಡ ನಿಂತವನ ಹಾಗೆ.

ಅವಳಿಗೊಂದು ಚಟ. ಮುರಿದ ಅಕ್ಷರವನ್ನು ಕಂಡರೆ ಆಗುವುದಿಲ್ಲ. ರಸ್ತೆಯಲ್ಲಿ ಹೋಗುತ್ತಾ ಯಾವುದಾದರೂ ಬ್ಯಾನರಿನಲ್ಲಿ ಒತ್ತಕ್ಷರ ಎಲ್ಲಿಗೋ ಹಾರಿ ಕೂತಿದ್ದರೆ, ನಿಂತು, ಬ್ಯಾನರಿನ ಕೆಳಗಿರುವ ನಂಬರಿಗೆ ಫೋನ್ ಮಾಡಿ ಬೈಯುತ್ತಾಳೆ. ಒಂದು ಸಲ ಹಾಗೆ ಫೋನ್ ಮಾಡಿದ್ದು ಗಣೇಶ ಸಮಿತಿಯವರಿಗೆ. ಅವರು ಬೇಜಾರಾಗುವುದು ಬಿಟ್ಟು ಮುಂದಿನ ವರ್ಷದ ಬ್ಯಾನರನ್ನೂ ಅವಳಿಗೇ ಕೊಟ್ಟರು.

ಹೀಗೆ ಮುರಿದ ಅಕ್ಷರ ಜೋಡಿಸುವುದೇ ಅವಳ ಕಸುಬಾಯಿತು. ನನ್ನ ಟೈಪ್‌ರೈಟರಿನಲ್ಲಿ ಕೀಲಿ ಒತ್ತಿದರೆ ಅದೇ ಅಕ್ಷರ ಬೀಳುತ್ತದೆ, ನಲವತ್ತು ವರ್ಷದಿಂದ ಅದೇ ಬೀಳುತ್ತಿದೆ. ಕಂಪ್ಯೂಟರಿಗೆ ಆ ನಿಯತ್ತಿಲ್ಲ. ಅಕ್ಷರಗಳ ಆಕಾರ ತುಂಬಿಟ್ಟ ಪೆಟ್ಟಿಗೆಗೆ ಅವರು ಫಾಂಟ್ ಎನ್ನುತ್ತಾರೆ. ಆ ಪೆಟ್ಟಿಗೆ ಇಲ್ಲಿದ್ದು ಅಲ್ಲಿ ಇಲ್ಲದಿದ್ದರೆ, ಅಥವಾ ಇಲ್ಲಿ ಹೊಸದು ಅಲ್ಲಿ ಹಳೆಯದಾದರೆ, ಇಲ್ಲಿ ಬರೆದದ್ದು ಅಲ್ಲಿ ಕಸವಾಗುತ್ತದೆ. ಸಹಕಾರ ಸಂಘ, ಶಾಲೆ, ಪಂಚಾಯಿತಿ ಎಲ್ಲೆಡೆಯಿಂದ ಅವಳಿಗೆ ಕರೆ. ಅವಳು ಕೊರಳಿಗೆ ತಾಯಿತದ ಹಾಗೆ ಒಂದು ಪೆನ್‌ಡ್ರೈವ್ ನೇತುಹಾಕಿಕೊಂಡು ಹೊರಡುತ್ತಾಳೆ. ಅದರಲ್ಲಿ ಈ ಹದಿನೈದು ವರ್ಷದ ಫಾಂಟುಗಳೆಲ್ಲ ಇವೆ. ಹಳೆಯದೆಂದು ಅವಳು ಒಂದನ್ನೂ ಎಸೆದಿಲ್ಲ.

ತಳಕಿನ ಸಂಘದ ಕಂಪ್ಯೂಟರಿನಲ್ಲಿ ಒಂದು ದಿನ ಅಕ್ಷರಗಳೆಲ್ಲ ಕುಣಿಯತೊಡಗಿದವು. ನಾನೂ ಏನೋ ಕೆಲಸಕ್ಕೆ ಜೊತೆಗೆ ಹೋಗಿದ್ದೆ. ಕಾರ್ಯದರ್ಶಿ ಬೆವರುತ್ತಿದ್ದ.

"ನಿಮ್ಮೂರಾಗೆ ಓಬಳೇಶ ಅಂತ ಕೂಗಿದ್ರೆ ಎಷ್ಟು ಜನ ತಿರುಗ್ತಾರೆ ರೀ?" ಎಂದು ಹೀನಾ ಕೇಳಿದಳು.

"ಮನೆಗೊಬ್ಬ ಅದಾನೆ ಬಿಡಮ್ಮ."

"ನಿಮ್ಮ ಕಂಪ್ಯೂಟರ್‌ನಾಗೂ ಅಂಗೇ ಆಗೈತೆ. ಒಂದೇ ಹೆಸರಿನ ಫಾಂಟು ಎರಡು ಕೂತಾವೆ, ಹಳೇದೊಂದು ಹೊಸದೊಂದು. ನೀವು ಕರೆದಿದ್ದು ದೊಡ್ಡ ಓಬಳೇಶನ್ನ, ಎದ್ದು ಬಂದಿದ್ದು ಸಣ್ಣ ಓಬಳೇಶ."

ಹಳೆಯದನ್ನು ತೆಗೆದು, ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದಳು. ಅಕ್ಷರಗಳು ಸಾಲಾಗಿ ನಿಂತವು. ಎಲ್ಲ ಕಡೆಯೂ ಇಷ್ಟು ಸುಲಭವಲ್ಲ. ಕೆಲವು ಕಡೆ ಹಳೆಯದನ್ನು ತೆಗೆದರೆ ಹಳೆಯ ಕಡತಗಳು ಸಾಯುತ್ತವೆ, ಹೊಸದನ್ನು ತೆಗೆದರೆ ಹೊಸವು. ಅತ್ತ ದರಿ ಇತ್ತ ಪುಲಿ. ಅಂಥ ಯಂತ್ರಗಳನ್ನು ಅವಳು ಹೇಗೋ ಸಮಾಧಾನ ಮಾಡಿ ನಿಲ್ಲಿಸಿ, ಬರುವಾಗ ಒಂದು ಮಾತು ಹೇಳಿ ಬರುತ್ತಾಳೆ: "ನನ್ನ ಕೇಳ್ದೆ ಏನನ್ನೂ ಬದಲಾಯಿಸಬೇಡ್ರಿ." ಇದು ಅವಳ ಒಂದು ನಿಯಮ. ಇನ್ನೊಂದು ನಿಯಮವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಗೋಡೆಗೆ ಅಂಟಿಸಿದ್ದಾಳೆ: "ಕರ್ವ್ ಮಾಡದೆ ಯಾವ ಫೈಲನ್ನೂ ಹೊರಗೆ ಕಳಿಸಬಾರದು." ಕರ್ವ್ ಮಾಡುವುದೆಂದರೆ ಅಕ್ಷರವನ್ನು ಚಿತ್ರ ಮಾಡಿಬಿಡುವುದು. ಚಿತ್ರವಾದ ಮೇಲೆ ಅದಕ್ಕೆ ಫಾಂಟಿನ ಹಂಗಿಲ್ಲ, ಯಾವ ಊರಿಗೆ ಹೋದರೂ ಹಾಗೇ ಕಾಣುತ್ತದೆ. ಆದರೆ ಆಮೇಲೆ ಅಕ್ಷರವನ್ನು ಅಕ್ಷರವಾಗಿ ತಿದ್ದಲು ಬರುವುದಿಲ್ಲ.

ಈ ಎರಡು ನಿಯಮಗಳೇ ಅವಳನ್ನು ಸುಟ್ಟವು. ಒಂದನ್ನು ಅವಳು ಮುರಿದಳು, ಇನ್ನೊಂದನ್ನು ಬೇರೆಯವನು ಅಚ್ಚುಕಟ್ಟಾಗಿ ಪಾಲಿಸಿದ.

ಮೊಳಕಾಲ್ಮೂರಿನ ಏಕಾಂತಪ್ಪ ಸೀರೆ ನೇಯುವವನು. ಓದು ಬರಹ ಇಲ್ಲ, ಆದರೆ ಅಂಚಿನಲ್ಲಿ ನವಿಲು ಕೂರಿಸಿದರೆ ಅದು ಎದ್ದು ಹೋಗುತ್ತದೇನೋ ಅನ್ನಿಸಬೇಕು. ಹೆಂಡತಿ ಹೊನ್ನಕ್ಕ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವಳ ತಿಥಿ ಕಾರ್ಡನ್ನು ಮಾಡಿದ್ದು ಹೀನಾಳೇ. ಹಳೆಯ ಫೋಟೋದಲ್ಲಿ ಹೊನ್ನಕ್ಕನ ಹಿಂದೆ ಯಾರದೋ ಕೈ, ನೀರಿನ ಡ್ರಮ್ಮು ಎಲ್ಲ ಇದ್ದವು. ಹೀನಾ ಕೂತು ಅವೆಲ್ಲವನ್ನೂ ಅಳಿಸಿ, ಬರೀ ಹೊನ್ನಕ್ಕನನ್ನು ಉಳಿಸಿಕೊಟ್ಟಿದ್ದಳು. ಅಂದಿನಿಂದ ಏಕಾಂತಪ್ಪನಿಗೆ ಹೀನಮ್ಮ ಎಂದರೆ ಮನೆಯವಳೇ.

ಈ ವರ್ಷ ಮಗಳು ಕಾವ್ಯಳ ಮದುವೆ ಗೊತ್ತಾಯಿತು. ಹೆಂಡತಿ ಇಲ್ಲದವನು ಧಾರೆಗೆ ಕೂರುವ ಹಾಗಿಲ್ಲ. ಏಕಾಂತಪ್ಪನ ತಮ್ಮ ಮತ್ತು ತಮ್ಮನ ಹೆಂಡತಿ ಧಾರೆ ಎರೆಯುವುದೆಂದು ತೀರ್ಮಾನವಾಯಿತು. ಆಗ ಕಾವ್ಯ ಅಪ್ಪನನ್ನು ಒಂದೇ ಒಂದು ಕೇಳಿಕೊಂಡಳಂತೆ. ಧಾರೆ ಸೀರೆಯನ್ನು ಅಪ್ಪನೇ ನೇಯಬೇಕು, ಸೆರಗಿನಲ್ಲಿ ಅವ್ವನ ಹೆಸರಿರಬೇಕು. ಗಂಡಿನ ಶಲ್ಯಕ್ಕೆ ಗಂಟು ಹಾಕುವುದು ಸೆರಗನ್ನೇ ತಾನೆ. ಮಂಟಪದಲ್ಲಿ ಅವ್ವ ಕೂರದಿದ್ದರೂ ಆ ಗಂಟಿನಲ್ಲಾದರೂ ಇರಲಿ ಎಂದು.

ಅದನ್ನು ಹೇಳಲು ಏಕಾಂತಪ್ಪ ಚಳ್ಳಕೆರೆಗೆ ಬಂದಿದ್ದ. ನನ್ನ ಬೆಂಚಿನ ಮೇಲೆ ಕೂತು, ಗೋಡೆಯ ಆಚೆಗೆ ಕೇಳುವ ಹಾಗೆ ಮಾತಾಡಿದ.

"ಬಂಗಾರದ ಜರೀಲಿ ಬರ್ಬೇಕಮ್ಮ. ನೋಡಿದೋರಿಗೆ ಹೊನ್ನಕ್ಕ ಅಂತ ಕಾಣಬೇಕು. ಅಕ್ಷರ ನಿಂದು, ಕೈ ನಂದು."

"ಕಾಣಂಗೇ ಮಾಡ್ತೀನಿ ಏಕಾಂತಣ್ಣ. ನೀವು ನಿಶ್ಚಿಂತೆಯಿಂದ ಹೋಗ್ರಿ," ಎಂದಳು ಹೀನಾ.

ಅವಳು ಹೆಸರನ್ನು ಎಷ್ಟು ಫಾಂಟುಗಳಲ್ಲಿ ಇಟ್ಟು ನೋಡಿದಳೋ. ಕೊನೆಗೆ ಕುಂಚದಿಂದ ಬರೆದ ಹಾಗಿರುವ ಒಂದನ್ನು ಆರಿಸಿದಳು. ಮೂರು ಅಕ್ಷರ, ಎರಡು ಒತ್ತು, ಅಷ್ಟೇ ಹೆಸರು. ನನ್ನನ್ನು ಕರೆದು ತೋರಿಸಿದಳು. ನಾನು ಕಂಪ್ಯೂಟರನ್ನು ಹೊಗಳುವವನಲ್ಲ, ಆದರೂ ಚೆನ್ನಾಗಿದೆ ಎಂದೆ.

ಮಗ್ಗಕ್ಕೆ ಅಕ್ಷರ ಹಾಗೇ ಹೋಗುವುದಿಲ್ಲ. ಮೊಳಕಾಲ್ಮೂರಿನಲ್ಲಿ ಕಿರಣ್‌ಕುಮಾರ್ ಎಂಬ ಹುಡುಗ ಚಿತ್ರವನ್ನು ಚೌಕುಳಿ ಕಾಗದದ ಲೆಕ್ಕಕ್ಕೆ ಇಳಿಸಿ, ಆ ಲೆಕ್ಕದಂತೆ ರಟ್ಟಿಗೆ ತೂತು ಹೊಡೆದು ಕೊಡುತ್ತಾನೆ. ಆ ರಟ್ಟುಗಳು ಮಗ್ಗದ ತಲೆಯ ಮೇಲೆ ತಿರುಗುತ್ತ ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಎಂದು ಹೇಳುತ್ತವೆ. ಅವನು ಫೋನ್ ಮಾಡಿ, "ಅಕ್ಕಾ, ಕರ್ವ್ ಮಾಡಿ ಕಳಿಸಬ್ಯಾಡ್ರಿ. ಮಗ್ಗದ ಅಗಲಕ್ಕೆ ಅಕ್ಷರ ದಪ್ಪ ಸಣ್ಣ ಮಾಡ್ಕೋಬೇಕು. ಹಂಗೇ ಕಳಿಸ್ರಿ, ಫಾಂಟೂ ಕಳಿಸ್ರಿ," ಎಂದ.

ಅವಳು ಗೋಡೆಯ ಕಾಗದವನ್ನು ಒಮ್ಮೆ ನೋಡಿದ್ದು ನನಗೆ ಕಂಡಿತು. ಕಿರಣನ ಕಂಪ್ಯೂಟರಿಗೆ ಎಲ್ಲವನ್ನೂ ಹಾಕಿಕೊಟ್ಟವಳು ಅವಳೇ, ತನ್ನ ಮನೆಯಷ್ಟೇ ಪರಿಚಯ. ಫೈಲನ್ನೂ ಫಾಂಟನ್ನೂ ಒಟ್ಟಿಗೆ ಕಳಿಸಿ, "ಮೊದಲು ಫಾಂಟ್ ಹಾಕ್ಕೊಂಡು ಆಮೇಲೆ ಫೈಲ್ ತೆಗಿ" ಎಂದಳು. ಹೂಂ ಅಕ್ಕಾ ಎಂದ. ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಮದುವೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಏಕಾಂತಪ್ಪನ ಫೋನು. ಹೀನಾ ಕೈಯಲ್ಲಿ ಕತ್ತರಿ ಹಿಡಿದಿದ್ದಳು, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಅವನ ದನಿ ಗೋಡೆ ದಾಟಿ ನನ್ನ ಕಡೆಗೂ ಬಂತು. ಅಷ್ಟು ಸಂತೋಷದ ದನಿಯನ್ನು ಅವನಿಂದ ನಾನು ಕೇಳಿಯೇ ಇರಲಿಲ್ಲ.

"ಸೆರಗು ಮುಗೀತು ಹೀನಮ್ಮ. ನಾಳೆ ಮಗ್ಗದಿಂದ ಇಳಿಸ್ತೀನಿ. ಏನ್ ಚಂದ ಬಂದೈತೆ ಅಂತೀಯ. ಅದ್ರಾಗೂ ನೀನು ಅಕ್ಷರದ ಕೆಳಗೆ ಇಟ್ಟಿದೀಯಲ್ಲ, ಆ ಎರಡು ಸಣ್ಣ ಚೌಕ, ಅವು ನನ್ನ ಮನಸ್ಸು ಹಿಡಿದುಬಿಟ್ಟವು. ಕಿರಣಂಗೆ ಹೇಳಿ ಸೆರಗು ತುಂಬಾ ಅವನ್ನೇ ಬುಟ್ಟಾ ಹಾಕಿಸ್ಕೊಂಡೆ."

ಕತ್ತರಿ ಮೇಜಿಗೆ ಬಿದ್ದ ಸದ್ದು ಕೇಳಿತು. ನಾನು ಎದ್ದು ಗೋಡೆಯ ತುದಿಯಿಂದ ಇಣುಕಿದೆ. ಕತ್ತರಿ ಮೇಜಿನ ಮೇಲಿತ್ತು, ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಏಕಾಂತಣ್ಣ, ನಾನು ಈಗ್ಲೇ ಬರ್ತೀನಿ," ಎಂದು ಫೋನಿಟ್ಟಳು. ನನ್ನ ಕಡೆ ತಿರುಗಿ, "ನಾನು ಯಾವ ಚೌಕಾನೂ ಇಟ್ಟಿಲ್ಲ ಜಂಪಣ್ಣಾ," ಎಂದಳು.

ನನಗೆ ಅಂದು ಮೊಳಕಾಲ್ಮೂರಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಆದರೂ ಚಪ್ಪಲಿ ಮೆಟ್ಟಿದೆ. ಆ ಮುಖ ಹೊತ್ತವಳನ್ನು ಒಬ್ಬಳೇ ಬಸ್ಸು ಹತ್ತಿಸಲು ನನ್ನಿಂದಾಗಲಿಲ್ಲ.

ಬಸ್ಸು ತಳಕು ದಾಟಿತು, ಬಿ.ಜಿ. ಕೆರೆ ದಾಟಿತು. ಅವಳು ಕೊರಳಿನ ಪೆನ್‌ಡ್ರೈವನ್ನು ಹಿಡಿದುಕೊಂಡೇ ಕೂತಿದ್ದಳು. ಕೇಳಿದಷ್ಟಕ್ಕೆ ಉತ್ತರ. ಆ ಕುಂಚದ ಫಾಂಟಿನ ಹೊಸ ಆವೃತ್ತಿಯಲ್ಲಿ ಒತ್ತಕ್ಷರಗಳನ್ನು ಬೇರೆ ಖಾನೆಗಳಲ್ಲಿ ಇಟ್ಟಿದ್ದಾರೆ, ಹಳೆಯದರಲ್ಲಿ ಆ ಖಾನೆಗಳು ಖಾಲಿ. ಹೆಸರು ಮಾತ್ರ ಎರಡಕ್ಕೂ ಒಂದೇ. ಹಳೆಯದು ಎದ್ದು ಬಂದರೆ ದೊಡ್ಡ ಅಕ್ಷರಗಳು ಸರಿಯಾಗಿಯೇ ಇರುತ್ತವೆ, ಒತ್ತಿನ ಜಾಗದಲ್ಲಿ ಖಾಲಿ ಚೌಕ ಬರುತ್ತದೆ.

"ಆದ್ರೆ ನಾನು ಹೊಸದನ್ನ ಕಳಿಸಿದ್ನಲ್ಲ," ಎಂದು ಅವಳು ಮೊಳಕಾಲ್ಮೂರಿಗೆ ಮೊದಲು ಸಿಗುವ ಹಾನಗಲ್ ಬರುವವರೆಗೆ ತನಗೆ ತಾನೇ ಹೇಳಿಕೊಂಡಳು.

ಮೊದಲು ಹೋಗಿದ್ದು ಕಿರಣ್‌ಕುಮಾರನ ಅಂಗಡಿಗೆ. ಹುಡುಗ ಎದ್ದು ನಿಂತು ಕುರ್ಚಿ ಕೊಟ್ಟ. ಅವನ ತಾಯಿಯ ತವರು ಆಂಧ್ರದ ರಾಯದುರ್ಗ, ಓದಿದ್ದೆಲ್ಲ ಅಲ್ಲೇ ತೆಲುಗಿನಲ್ಲಿ. ಕನ್ನಡ ನಮ್ಮಂತೆಯೇ ಮಾತಾಡುತ್ತಾನೆ, ಓದುವುದು ಮಾತ್ರ ತಡವರಿಸಿಕೊಂಡು. ಈ ಗಡಿಯಲ್ಲಿ ಅದು ವಿಶೇಷವಲ್ಲ. ಹೀನಾ ಕಂಪ್ಯೂಟರಿನ ಮುಂದೆ ಕೂತು ಫಾಂಟುಗಳ ಪಟ್ಟಿ ತೆಗೆದಳು. ಅದರ ಹೆಸರಿನ ಮೇಲೆ ಒತ್ತಿ ಆವೃತ್ತಿ ನೋಡಿದಳು. ಹಳೆಯದು. ಅವಳೇ ತನ್ನ ಕೈಯಾರೆ ಹಾಕಿಕೊಟ್ಟಿದ್ದು.

"ನಾನು ಕಳಿಸಿದ್ದು ಹಾಕ್ಲಿಲ್ವಾ ಕಿರಣ?"

"ಹಾಕಕ್ಕೆ ಹೋದೆ ಅಕ್ಕಾ. ಈ ಹೆಸರಿಂದು ಆಗ್ಲೇ ಐತೆ, ಹಳೇದು ತೆಗೆದು ಹೊಸದು ಹಾಕ್ಲಾ ಅಂತ ಕೇಳ್ತು. ಬ್ಯಾಡ ಅಂತ ಒತ್ತಿದೆ."

"ಯಾಕೆ?"

ಅವನು ನನ್ನ ಮುಖ ನೋಡಿದ, ಆಮೇಲೆ ಅವಳ ಮುಖ. "ನೀವೇ ಹೇಳಿದ್ರಲ್ಲ ಅಕ್ಕಾ. ನನ್ನ ಕೇಳ್ದೆ ಏನನ್ನೂ ಬದಲಾಯಿಸಬ್ಯಾಡ ಅಂತ."

ಗುರುವಿನ ಮಾತು ಕೇಳಿದರೂ ತಪ್ಪು, ಕೇಳದಿದ್ದರೂ ತಪ್ಪು. ನನಗೆ ಆ ಹುಡುಗನ ಮೇಲೆ ಸಿಟ್ಟು ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

"ಚೌಕ ಕಂಡಾಗ ಏನೋ ಕೆಟ್ಟೈತೆ ಅನ್ನಿಸ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

"ನಿಮ್ಮ ಡಿಸೈನ್ ಅಂದ್ಕೊಂಡೆ. ಏಕಾಂತಪ್ಪನೂ ಬಾಗುಂದಿ, ಚಂದ ಐತೆ ಅಂದ್ರು. ನೀವು ಕಳಿಸಿದ್ದು ಎಂದೂ ತಪ್ಪಿರಲ್ವಲ್ಲ ಅಕ್ಕಾ."

ಅವಳು ಅವನನ್ನು ಬೈಯಲಿಲ್ಲ. ಗಣೇಶ ಸಮಿತಿಯನ್ನೇ ಬಿಡದವಳು. ನನಗೆ ಆಗಲೇ ಹೆದರಿಕೆಯಾಯಿತು.

ಏಕಾಂತಪ್ಪನ ಮನೆ ಅಲ್ಲಿಂದ ಎರಡು ಬೀದಿ ಆಚೆ. ಮುಂದಿನ ಕೋಣೆ ತುಂಬಾ ಮಗ್ಗ, ಮಗ್ಗದ ಕೆಳಗೆ ಕಾಲಿಡುವ ಗುಂಡಿ. ನಡುಮನೆಯ ಬಾಗಿಲಿಗೆ ಒಂದು ಹಳೆಯ ಪರದೆ ಕಟ್ಟಿದ್ದ. ಧಾರೆ ಸೀರೆ ಮಗ್ಗದಿಂದ ಇಳಿಯುವವರೆಗೆ ಮದುವಣಗಿತ್ತಿ ಅದನ್ನು ನೋಡಬಾರದು ಎಂಬುದು ಅವರ ಮನೆತನದ ಪದ್ಧತಿ. ಆ ಮನೆಯಲ್ಲಿ ಸಲೀಸಾಗಿ ಕನ್ನಡ ಓದುವವಳು ಕಾವ್ಯ ಒಬ್ಬಳೇ, ಅವಳನ್ನೇ ಪರದೆಯ ಆಚೆ ಕೂರಿಸಿದ್ದರು.

ಏಕಾಂತಪ್ಪ ಕಾಯುತ್ತಾ ನಿಂತಿದ್ದ. ನೇಯುವಾಗ ಸೀರೆಯ ಮುಖ ಕೆಳಗಿರುತ್ತದೆ, ಮೇಲೆ ಕಾಣುವುದು ಅದರ ಬೆನ್ನು. "ಬಗ್ಗಿ ಕೆಳಗಿಂದ ನೋಡು, ಆಗ ಗೊತ್ತಾಗ್ತೈತೆ," ಎಂದ. ಹೀನಾ ಗುಂಡಿಗಿಳಿದು ಮಗ್ಗದಡಿಗೆ ತಲೆ ಹಾಕಿ ಮೊಬೈಲ್ ಬೆಳಕು ಹಿಡಿದಳು. ನನ್ನ ಮಂಡಿ ಬಗ್ಗುವುದಿಲ್ಲ, ಹಾಗಾಗಿ ನಾನು ನೋಡಿದ್ದು ಅವಳನ್ನು ಮಾತ್ರ. ಬಹಳ ಹೊತ್ತು ಮೇಲಕ್ಕೆ ನೋಡುತ್ತ ಕೂತಿದ್ದಳು.

ಫೋಟೋ ತೆಗೆದು ನನ್ನ ಕೈಗೆ ಕೊಟ್ಟಳು. ಕುಂಕುಮ ಬಣ್ಣದ ರೇಷ್ಮೆಯ ಮೇಲೆ ಬಂಗಾರದ ದೊಡ್ಡ ಅಕ್ಷರಗಳು. ಹೊ, ನ, ಕ. ಎರಡು ಒತ್ತುಗಳು ಇರಬೇಕಾದ ಕಡೆ ಎರಡು ಖಾಲಿ ಚೌಕ. ಅಷ್ಟಾಗಿದ್ದರೆ ಸಾಕಿತ್ತು. ಸೆರಗಿನ ಉದ್ದಗಲಕ್ಕೂ ಅದೇ ಚೌಕಗಳು, ಸಾಲು ಸಾಲಾಗಿ, ಎಳೆ ತಪ್ಪದೆ. ಇಷ್ಟು ಚೆನ್ನಾಗಿ ನೇಯ್ದ ತಪ್ಪನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಇಲ್ಲಿ ಸುಮ್ಮನಿರಬಹುದಿತ್ತು. ಏಕಾಂತಪ್ಪನಿಗೆ ಓದಲು ಬಾರದು. ಡಿಸೈನ್ ಎಂದರೆ ನಂಬುತ್ತಿದ್ದ, ಆಗಲೇ ನಂಬಿದ್ದ. ನಿಜ ಹೇಳಬೇಕೆಂದರೆ ನಾನು ಹೀನಾಳಿಗೆ ಕಣ್ಣಲ್ಲೇ ಬೇಡ ಎಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಏಕಾಂತಣ್ಣ, ಇದು ಹೊನ್ನಕ್ಕ ಅಂತ ಆಗಿಲ್ಲ. ತಪ್ಪು ನಂದು."

ಅವನು ನಗುತ್ತಲೇ ಇದ್ದ. ಮಾತು ಅವನೊಳಕ್ಕೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಮತ್ತೆ ಏನಂತ ಆಗೈತೆ?"

"ಏನಂತಾನೂ ಆಗಿಲ್ಲ. ಅರ್ಧ ಅಕ್ಷರ ಬಂದಿಲ್ಲ. ಆ ಚೌಕ ಡಿಸೈನ್ ಅಲ್ಲ ಅಣ್ಣ."

"ಚೌಕ ಅಂದ್ರೆ ಏನು ಹಂಗಾದ್ರೆ?"

ಹೀನಾ ಗುಂಡಿಯಲ್ಲೇ ನಿಂತಿದ್ದಳು, ಮಗ್ಗದ ಹಲಗೆ ಹಿಡಿದುಕೊಂಡು. "ಇಲ್ಲೊಂದು ಅಕ್ಷರ ಇರ್ಬೇಕು ಅಂತ ಕಂಪ್ಯೂಟರಿಗೆ ಗೊತ್ತಿರ್ತೈತೆ. ಆದ್ರೆ ಅದರ ಹತ್ರ ಆ ಅಕ್ಷರ ಇರಲ್ಲ. ಅದಕ್ಕೆ ಅಲ್ಲಿ ಜಾಗ ಬಿಟ್ಟು ಒಂದು ಖಾಲಿ ಚೌಕ ಹಾಕ್ತೈತೆ. ಇರಬೇಕಾದ್ದು ಇಲ್ಲ ಅಂತ."

"ಇರಬೇಕಾದ್ದು ಇಲ್ಲ ಅಂತ," ಎಂದು ಅವನು ತಿರುಗಿ ಹೇಳಿದ. ಆಮೇಲೆ ಮಗ್ಗದ ಹತ್ತಿರ ಬಂದು ಸೆರಗಿನ ಬೆನ್ನನ್ನು ಅಂಗೈಯಿಂದ ಒಮ್ಮೆ ಸವರಿದ. ಇಷ್ಟು ದಿನ ಹೆಂಡತಿಯ ಹೆಸರೆಂದು ಒಂದೊಂದೇ ಎಳೆ ಕೂರಿಸಿದ್ದವನು. ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ಹಾಸು ಮುಗಿದುಹೋಗಿತ್ತು, ಇನ್ನೊಂದು ಸೆರಗು ನೇಯಲು ನೂಲೂ ಇಲ್ಲ, ದಿನವೂ ಇಲ್ಲ. ಬಿಚ್ಚಿದರೆ ಜರಿ ಉಳಿಯುವುದಿಲ್ಲ. ಇದನ್ನೆಲ್ಲ ಅವನು ಹೇಳಲಿಲ್ಲ, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪರದೆ ಸರಿಯಿತು. ಕಾವ್ಯ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮಗ್ಗದ ಕಡೆ ನೋಡದೆ ಹೀನಾಳನ್ನೇ ನೋಡಿದಳು.

"ಅವ್ವನ ಹೆಸರು ಓದಕ್ಕೆ ಆಗಲ್ವಾ ಅಕ್ಕ?"

"ಆಗಲ್ಲ ಕಾವ್ಯ."

"ತಿಥಿ ಕಾರ್ಡಿನಾಗೆ ಸರಿಯಾಗಿ ಹಾಕಿದ್ರಲ್ಲ," ಎಂದಳು ಹುಡುಗಿ. ಬೈಗುಳದ ದನಿಯಲ್ಲಿ ಅಲ್ಲ, ಸುಮ್ಮನೆ ನೆನಪಾದದ್ದನ್ನು ಹೇಳಿದ ಹಾಗೆ. ಪರದೆ ಬಿಟ್ಟು ಒಳಗೆ ಹೋದಳು.

ಏಕಾಂತಪ್ಪ ನಮಗೆ ಟೀ ತರಿಸಿದ. ಕುಡಿಯದೆ ಹೋಗಬೇಡಿ ಎಂದ. ಆ ಟೀಯಂಥ ಕಹಿಯನ್ನು ನಾನು ಕುಡಿದಿಲ್ಲ. ಹೀನಾ, ಚಳ್ಳಕೆರೆಯಲ್ಲಿ ಜರಿ ಕಸೂತಿ ಮಾಡುವವರಿದ್ದಾರೆ, ಹೆಸರನ್ನು ಬೇರೆ ಬಟ್ಟೆಯ ಮೇಲೆ ಮಾಡಿಸಿ ತರುತ್ತೇನೆ, ಅದರ ಮೇಲೆ ಹೊಲಿಸಿಬಿಡೋಣ ಎಂದಳು. ಅವನು "ನೋಡಾಣ" ಎಂದನಷ್ಟೇ. ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಅವನು ಒಂದು ಕೆಟ್ಟ ಮಾತಾಡಿದ್ದರೆ ನಮಗೆ ಬಸ್ಸಿನಲ್ಲಿ ಕೂರುವುದು ಸುಲಭವಾಗುತ್ತಿತ್ತು.

ಆಮೇಲಿನ ದಿನಗಳಲ್ಲಿ ಗೋಡೆಯ ಆಚೆಯಿಂದ ಸದ್ದೇ ಇಲ್ಲ. ಒಂದು ದಿನ ನೋಡುತ್ತೇನೆ, ಗೋಡೆಯ ಮೇಲಿನ ನಿಯಮದ ಕಾಗದವನ್ನು ಕಿತ್ತುಹಾಕಿದ್ದಾಳೆ. ನಾಲ್ಕು ಮೂಲೆ ಅಂಟು ಮಾತ್ರ ಉಳಿದಿತ್ತು. ತಳಕಿನ ಸಂಘದವರು ಕರೆದರೆ ಬರುವುದಿಲ್ಲ ಎಂದಳು. ಶಾಲೆಯವರು ಕರೆದರೆ ಯಾರನ್ನಾದರೂ ಕರೆಸಿಕೊಳ್ಳಿ ಎಂದಳು.

"ಎಲ್ಲಾರ ಮನೆ ದೋಸೇನೂ ತೂತೇ ಹೀನಮ್ಮ," ಎಂದೆ ನಾನು, ಸಮಾಧಾನ ಮಾಡಲು ಹೋಗಿ.

"ಊರ ತುಂಬಾ ನನ್ನ ಮಾತಿನ ಮೇಲೆ ಕೂತಿರೋ ಕಂಪ್ಯೂಟರ್ ಅದಾವೆ ಜಂಪಣ್ಣಾ," ಎಂದಳು. "ಬದಲಾಯಿಸಬೇಡ್ರಿ ಅಂತ ಹೇಳಿ ಬಂದಿದೀನಿ. ಇನ್ನೂ ಎಲ್ಲೆಲ್ಲಿ ಏನೇನು ಹಳೇದು ಕೂತೈತೋ."

ಸಂಜೆ ಇಮಾಮ್ ಸಾಬರು ಬಂದು ನನ್ನ ಬೆಂಚಿನ ಮೇಲೆ ಕೂತರು. ಮಗಳು ಊಟ ಸರಿಯಾಗಿ ಮಾಡುತ್ತಿಲ್ಲವಂತೆ, ಕುಲ್ಸುಮ್ ಬೀ ರೋಜಾ ಇಲ್ಲದ ದಿನವೂ ಉಪವಾಸ ಯಾಕೆ ಎಂದು ಅಳುತ್ತಾರಂತೆ. "ಸುಟ್ಟ ಮೋಟಾರು ಬಿಚ್ಚಿ ಸುತ್ತಬಹುದು ಜಂಪಣ್ಣಾರೇ," ಎಂದರು. "ಈಕೆ ತಗೊಂಡಿರೋದು ಬಿಚ್ಚಕ್ಕಾಗದ ಕೆಲಸ."

ಕಸೂತಿಯ ಹೆಸರನ್ನು ಮಾತ್ರ ಅವಳು ಮಾಡಿಸಿದಳು. ಕುಂಕುಮ ಬಣ್ಣದ ರೇಷ್ಮೆ ತುಂಡಿನ ಮೇಲೆ ಹೊನ್ನಕ್ಕ ಎಂದು, ಒತ್ತುಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ. ಈ ಸಲ ಕಂಪ್ಯೂಟರನ್ನು ಮುಟ್ಟಲಿಲ್ಲ, ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಕೈಯಲ್ಲೇ ಬರೆದುಕೊಟ್ಟಳು. ಮೊಳಕಾಲ್ಮೂರಿಗೆ ಹೋಗಿ ಏಕಾಂತಪ್ಪನ ಕೈಗಿಟ್ಟು ಬಂದಳು. ಅವನು ತೆಗೆದುಕೊಂಡನಂತೆ, ಅಷ್ಟೇ.

ಮದುವೆಗೆ ನಾವಿಬ್ಬರೂ ಹೋದೆವು. ಹೋಗುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಏಕಾಂತಪ್ಪ ಹಿಂದಿನ ದಿನ ಫೋನ್ ಮಾಡಿ, ಬರದಿದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದ ಮೇಲೆ ಹೊರಟಳು. ಮಂಟಪದ ಬಾಗಿಲಲ್ಲೇ ಅವಳ ಕಣ್ಣು ಒಂದನ್ನೇ ಹುಡುಕುತ್ತಿತ್ತು. ನನ್ನದೂ ಅಷ್ಟೇ.

ಕಾವ್ಯ ಹಸೆಮಣೆಯ ಮೇಲೆ ಕೂತಿದ್ದಳು. ಅಪ್ಪ ನೇಯ್ದ ಸೀರೆಯನ್ನೇ ಉಟ್ಟಿದ್ದಳು. ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆಯಲು ಕೂತಿದ್ದರು. ಏಕಾಂತಪ್ಪ ಕಂಬದ ಪಕ್ಕ ಕೈ ಕಟ್ಟಿಕೊಂಡು ನಿಂತಿದ್ದ, ಬೇರೆ ಯಾರದೋ ಮನೆಯ ಮದುವೆಗೆ ಬಂದವನ ಹಾಗೆ. ಪುರೋಹಿತರು ಗಂಟು ಹಾಕಲು ಸೆರಗನ್ನು ಕೇಳಿದರು. ಕಾವ್ಯ ಬೆನ್ನ ಮೇಲಿಂದ ಅದನ್ನು ಎಳೆದು, ಎರಡು ಕೈಯಿಂದ ಬಿಡಿಸಿ ಹಿಡಿದಳು.

"ತುಂಡು ಹೊಲಿಸಿಲ್ಲ," ಎಂದಳು ಹೀನಾ ನನ್ನ ಕಿವಿಯಲ್ಲಿ.

ಹೊಲಿಸಿರಲಿಲ್ಲ. ಚೌಕಗಳೆಲ್ಲ ಹಾಗೇ ಇದ್ದವು, ದೀಪದ ಬೆಳಕಿಗೆ ಒಂದೊಂದೂ ಹೊಳೆಯುತ್ತಿತ್ತು. ಸೆರಗಿಗೂ ಶಲ್ಯಕ್ಕೂ ಗಂಟು ಬಿತ್ತು. ಅಕ್ಷತೆ ಹಾಕುವಾಗ ಹೀನಾ ತಲೆ ತಗ್ಗಿಸಿಯೇ ಹೋದಳು. ಕಾವ್ಯ ಅವಳ ಕೈಯನ್ನು ಹಿಡಿದು ಒಂದು ಕ್ಷಣ ಬಿಡಲಿಲ್ಲ.

ಊಟಕ್ಕೆ ಏಳುವ ಹೊತ್ತಿಗೆ ಏಕಾಂತಪ್ಪ ನಮ್ಮ ಹತ್ತಿರ ಬಂದು ಕೂತ. ಆ ತುಂಡನ್ನು ಏನು ಮಾಡಿದೆ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಷ್ಟರಲ್ಲಿ ರಾಂಪುರದ ಕಡೆಯ ಒಬ್ಬ ನೆಂಟರ ಹೆಣ್ಣುಮಗಳು, ಕಂಕುಳಲ್ಲಿ ಮಗು, ಪಕ್ಕದಲ್ಲಿ ಗಂಡ, ಹಿಂದೆ ಅತ್ತೆ, ಎಲ್ಲರನ್ನೂ ಕಟ್ಟಿಕೊಂಡು ಬಂದಳು. ಅವಳ ಕಣ್ಣು ಮಂಟಪದ ಕಡೆಗೇ ಇತ್ತು.

"ಮಾವ, ಕಾವ್ಯನ ಸೆರಗಿನಾಗೆ ಆ ಚೌಕದ ಡಿಸೈನ್ ಐತಲ್ಲ, ಭಾಳ ಚಂದ ಐತೆ. ಎಲ್ಲೂ ನೋಡಿಲ್ಲ ನಾನು. ನಂಗೂ ಅಂಥಾದೊಂದು ನೇಯ್ದುಕೊಡು."

ಹೀನಾ ಲೋಟ ಕೆಳಗಿಟ್ಟಳು. ಏಕಾಂತಪ್ಪ ಆ ಹೆಣ್ಣುಮಗಳನ್ನೂ, ಕಂಕುಳಲ್ಲಿದ್ದ ಮಗುವನ್ನೂ, ಗಂಡನನ್ನೂ, ಹಿಂದೆ ನಿಂತಿದ್ದ ಅತ್ತೆಯನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಮಗುವಿನ ಕೆನ್ನೆ ಮುಟ್ಟಿದ.

"ನಿಂಗ್ಯಾಕವ್ವ ಅದು," ಎಂದ. "ನಿಮ್ಮನೇಲಿ ಎಲ್ಲಾರೂ ಅದಾರಲ್ಲ."